ಸೈಕಲ್ ಸ್ವಾಮಿಯ ಉತ್ಸವ

ಸುರೇಶ ಇಡ್ಲಿ ತಿನ್ನುವುದು ಬಿಟ್ಟು ಕಿಟಕಿಯಿಂದ ಆಚೆ ನೋಡುತ್ತಿದ್ದ.

"ಸೈಕಲ್ ಅಲ್ಲೇ ಇದೆ ಕಣೋ, ತಿನ್ನು" ಅಂದ ನಾಣಿ.

"ಅದಲ್ಲ. ಬಿಸಿಲು ಬೀಳ್ತಾ ಇದೆ. ಕಾರ್ಬನ್ ಫ್ರೇಮು."

"ಛತ್ರಿ ಹಿಡಿಯೋಕೆ ಒಬ್ಬರನ್ನ ಕಳಿಸೋಣವಾ? ಚಾಮರ ಬೀಸೋಕೆ ಇನ್ನೊಬ್ಬರು?"

ಪವನ ನಕ್ಕ. ಅವನಿಗೆ ವಯಸ್ಸು ಕಮ್ಮಿ, ಸಂಬಳ ಜಾಸ್ತಿ. ಹಾಗಿರುವವರಿಗೆ ನಗು ಬೇಗ ಬರುತ್ತದೆ. ಸುರೇಶನಿಗೆ ಬರಲಿಲ್ಲ.

"ತಮಾಷೆ ಮಾಡ್ತಾ ಇಲ್ಲ" ಅಂದ ನಾಣಿ. ಅಂದರೆ ಈಗ ಶುರು ಮಾಡುತ್ತಾನೆ ಅಂತ ಅರ್ಥ. "ಇವತ್ತಿನ ಲೆಕ್ಕ ನೀವೇ ನೋಡಿ. ಬನಶಂಕರಿಯಿಂದ ಆವತಿ ಬೆಟ್ಟದವರೆಗೆ ಸೈಕಲ್ಲು ಕಾರಿನ ಮೇಲೆ ಕೂತು ಬಂತು. ಅದು ರಥೋತ್ಸವ. ಆಮೇಲೆ ಬಂಡೆ ಶುರುವಾಯ್ತು. ತುಳಿಯೋಕೆ ಆಗಲ್ಲ ಅಂತ ಹೆಗಲ ಮೇಲೆ ಹೊತ್ವಿ. ಅದು ಅಡ್ಡಪಲ್ಲಕ್ಕಿ. ಮೇಲೆ ಹೋಗಿ ಕಲ್ಲಿಗೆ ಒರಗಿಸಿ ಎಲ್ಲರೂ ಫೋಟೋ ತೆಗೆದ್ರಿ. ಅದು ದರ್ಶನ. ಇಷ್ಟೆಲ್ಲ ಸೇವೆ ಆದ ಮೇಲೆ ಸ್ವಾಮಿ ನಮ್ಮನ್ನ ಬೆನ್ನ ಮೇಲೆ ಕೂರಿಸ್ಕೊಂಡು ಎಷ್ಟು ದೂರ ಬಂತು? ಪವನ, ನಿನ್ನ ಫೋನ್ ಏನು ಹೇಳುತ್ತೆ?"

"ಎರಡು ಕಿಲೋಮೀಟರ್, ನಾಣಿ ಸರ್. ಸ್ವಲ್ಪ ಜಾಸ್ತಿನೇ ಇರಬಹುದು. ಮಧ್ಯದಲ್ಲಿ ನಿಲ್ಲಿಸೋ ಬಟನ್ ಒತ್ತಿ, ಮತ್ತೆ ಆನ್ ಮಾಡೋದು ಮರೆತೆ."

"ಐವತ್ತು ಕಿಲೋಮೀಟರ್ ನಾವು ಅದನ್ನ ಹೊತ್ವಿ. ಎರಡು ಕಿಲೋಮೀಟರ್ ಅದು ನಮ್ಮನ್ನ ಹೊತ್ತಿತು. ಈಗ ಹೇಳಿ, ಸವಾರಿ ಮಾಡಿದ್ದು ಯಾರು?"

"ನಾನು ತುಳ್ಕೊಂಡೇ ಹತ್ತಿದೆ" ಅಂದಳು ಶೈಲಾ.

ಇದು ನಿಜ. ಆದ್ದರಿಂದ ಎಲ್ಲರೂ ಸ್ವಲ್ಪ ಹೊತ್ತು ಕಾಫಿ ಕುಡಿದರು.

"ನಿನ್ನ ವಿಷಯ ಬೇರೆ" ಅಂದ ನಾಣಿ ಕೊನೆಗೆ. "ನೀನು ಸಂಪ್ರದಾಯ ಬಿಟ್ಟವಳು."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಇಸವಿ ಬರುತ್ತದೆ. ಹತ್ತುವಾಗಲೇ ಅವರು ಆವತಿ ನಾಡಪ್ರಭುಗಳ ಕಥೆ ಶುರು ಮಾಡಿದ್ದರು. ಕೆಂಪೇಗೌಡರ ವಂಶದ ಮೂಲ ಈ ಊರೇ ಅಂತ ಹೇಳಿ, ರಣಭೈರೇಗೌಡರವರೆಗೆ ಬಂದು, ಅಲ್ಲಿ ಉಸಿರು ಸಾಲದೆ ನಿಂತಿದ್ದರು.

"ಹೊರೋದನ್ನ ಹಾಸ್ಯ ಮಾಡಬೇಡ ನಾಣಿ. ಅದು ಮೂಲದಲ್ಲೇ ಇದೆ" ಅಂದರು. "ಈ ಮೌಂಟನ್ ಬೈಕಿಂಗ್, ಅಂದ್ರೆ ಬೆಟ್ಟದಲ್ಲಿ ಸೈಕಲ್ ತುಳಿಯೋದು, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕ ಮರಿನ್ ಕೌಂಟಿ, ಅಲ್ಲಿ ಟಮಾಲ್ಪಾಯಿಸ್ ಅಂತ ಬೆಟ್ಟ. ಎಪ್ಪತ್ತರ ದಶಕದಲ್ಲಿ ಉದ್ದ ಕೂದಲಿನ ಹುಡುಗರು ಮೂವತ್ತು, ನಲವತ್ತರ ದಶಕದ ಹಳೇ ಶ್ವಿನ್ ಸೈಕಲ್‌ಗಳನ್ನ ಹುಡುಕಿ ತಂದು ಮಣ್ಣುದಾರೀಲಿ ಇಳಿಯೋಕೆ ಶುರು ಮಾಡಿದ್ರು. ಪೇಪರ್ ಹಾಕೋ ಹುಡುಗರ ಥರದ ಸೈಕಲ್ಲು. ಗುಜರಿ ಬೆಲೆ. 1976ರ ಅಕ್ಟೋಬರ್‌ನಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಒಂದು ರೇಸ್ ಇಟ್ರು, ರಿಪ್ಯಾಕ್ ಅಂತ. ಮೂರು ಕಿಲೋಮೀಟರ್ ಚಿಲ್ಲರೆ ದಾರಿ, ಸುಮಾರು ನಾನೂರು ಮೀಟರ್ ಇಳಿಜಾರು. ಪೆಡಲನ್ನ ಹಿಂದಕ್ಕೆ ತುಳಿದ್ರೆ ಬ್ರೇಕು. ಕೆಳಗೆ ಬರೋ ಹೊತ್ತಿಗೆ ಚಕ್ರದ ನಡುವಿನ ಹಬ್ ಕಾದು, ಗ್ರೀಸ್ ಉರಿದು ಹೊಗೆ ಬರ್ತಿತ್ತಂತೆ. ಮತ್ತೆ ಗ್ರೀಸ್ ತುಂಬದೆ ಇನ್ನೊಂದು ಸಲ ಇಳಿಯೋಕಾಗಲ್ಲ. ಅದಕ್ಕೇ ರಿಪ್ಯಾಕ್ ಅಂತ ಹೆಸರು. ಗ್ಯಾರಿ ಫಿಶರ್ ಅದನ್ನ ನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡಿನಲ್ಲಿ ಇಳಿದದ್ದು ದಾಖಲೆ."

"ಇಳಿದದ್ದು ಸರಿ ಮೇಷ್ಟ್ರೇ, ಹತ್ತಿದ್ದು ಹೇಗೆ?"

"ಪಿಕಪ್ ಟ್ರಕ್ಕಿನಲ್ಲಿ ಹಾಕ್ಕೊಂಡು ಹೋಗ್ತಿದ್ರು."

ನಾಣಿ ಟೇಬಲ್ ಕುಟ್ಟಿದ. ಚಟ್ನಿ ಬಟ್ಟಲು ಹಾರಿತು. "ನೋಡಿ! ಆಗಮದಲ್ಲೇ ಇದೆ! ಸುರೇಶ, ನಾನು ಸುಮ್ನೆ ನಿನ್ನ ಬೈದೆ. ನೀನು ಶಾಸ್ತ್ರ ಪ್ರಕಾರವೇ ನಡೀತಾ ಇದ್ದೀಯ."

"ಒಲಿಂಪಿಕ್ಸಿನಲ್ಲಿ ಹತ್ತೋದೂ ಇದೆ" ಅಂದಳು ಶೈಲಾ. "ತೊಂಬತ್ತಾರರಲ್ಲಿ ಅಟ್ಲಾಂಟಾದಲ್ಲಿ ಸೇರಿಸಿದಾಗಿನಿಂದ ಹತ್ತಿ, ಇಳಿದು, ಮತ್ತೆ ಹತ್ತಬೇಕು. ಯಾರೂ ಟ್ರಕ್ ಕಳಿಸಲ್ಲ."

"ಅದು ಬೇರೆ ಪಂಥ."

"ವಿಜಯಪುರ, ಬಾಗಲಕೋಟೆ ಕಡೆ ಹುಡುಗರನ್ನ ನೋಡಿದ್ದೀಯಾ? ಬಿಸಿಲಲ್ಲಿ ಹೆದ್ದಾರಿಯಲ್ಲಿ ತುಳೀತಾನೇ ಇರ್ತಾರೆ."

"ಅವರಿಗೆ ಗೆಲ್ಲಬೇಕು ಶೈಲಾ, ಒಂದು ಕೆಲಸ ಸಿಗಬೇಕು. ಹಾಗಾಗಿ ತುಳೀತಾರೆ. ನಮಗೆ ಕೆಲಸ ಇದೆ. ಹಾಗಾಗಿ ಹೊರ್ತೀವಿ."

ಇಲ್ಲಿಗೆ ಈ ಮಾತು ಮುಗಿಯಬಹುದಿತ್ತು. ಆದರೆ ಸುರೇಶನಿಗೆ ಮಾನ ಉಳಿಸಿಕೊಳ್ಳಬೇಕಿತ್ತು. ಮಾನ ಉಳಿಸಿಕೊಳ್ಳಲು ಅವನು ಯಾವಾಗಲೂ ಚಕ್ರದ ಮೊರೆ ಹೋಗುತ್ತಾನೆ. ತನ್ನದು ಇಪ್ಪತ್ತೊಂಬತ್ತು ಇಂಚಿನ ಚಕ್ರ, ಕಲ್ಲಿನ ಮೇಲೆ ಸಲೀಸಾಗಿ ಉರುಳುತ್ತದೆ, ಹಳೆಯ ಇಪ್ಪತ್ತಾರು ಇಂಚಿನ ಕಾಲ ಹೋಯಿತು, ಇದು ಈಚಿನ ಸಂಶೋಧನೆ, ಇತ್ಯಾದಿ.

"ನಮ್ಮಪ್ಪನ ಕಪ್ಪು ಸೈಕಲ್ ಇಪ್ಪತ್ತೆಂಟು ಇಂಚಿಂದು" ಅಂದ ನಾಣಿ. "ಒಂದು ಇಂಚು ಮುಂದೆ ಹೋಗೋಕೆ ಇಷ್ಟು ವರ್ಷ ಬೇಕಾಯ್ತಾ?"

"ಮುಂದೆ ಎಲ್ಲಿ ಬಂತು?" ಅಂದರು ಮೇಷ್ಟ್ರು. ಮತ್ತೆ ಕನ್ನಡಕ. "ಸುರೇಶನ ಚಕ್ರದ ರಿಮ್ 622 ಮಿಲಿಮೀಟರ್. ನಿಮ್ಮಪ್ಪನ ಸೈಕಲ್ ರಿಮ್ 635."

"ಇಪ್ಪತ್ತೆಂಟು ಹೇಗೆ ಮೇಷ್ಟ್ರೇ ಇಪ್ಪತ್ತೊಂಬತ್ತಕ್ಕಿಂತ ದೊಡ್ಡದಾಗುತ್ತೆ?" ಸುರೇಶನ ಮುಖ ಬಾಡಿತು.

"ಇಂಚು ಹೇಳೋದು ಟೈರು ಸೇರಿಸಿ. ನಿಂದು ದಪ್ಪ ಟೈರು. ಹೊರಗಿನ ಅಳತೆ ನಿಂದೇ ಜಾಸ್ತಿ. ಟೈರ್ ಬಿಚ್ಚಿದ್ರೆ ಅವರಪ್ಪಂದು."

"ಅಂದ್ರೆ ಒಳಗೆ ಚಿಕ್ಕದು, ಹೊರಗೆ ಉಬ್ಬಿದೆ" ಅಂದ ನಾಣಿ. "ಸರಿಯಾದ ಕೈಗೇ ಸೇರಿದೆ ಬಿಡು."

ಆಮೇಲೆ ನಾಣಿ ಅಪ್ಪನ ಸೈಕಲ್ಲಿನ ಪುರಾಣ ತೆಗೆದ. ಹಿಂದೆ ಅಮ್ಮ, ಮುಂದೆ ಬಾರಿನ ಮೇಲೆ ಟವೆಲ್ ಸುತ್ತಿ ತಾನು, ಹ್ಯಾಂಡಲ್ಲಿಗೆ ಗಿರಣಿಗೆ ಹೋಗುವ ರಾಗಿ ಚೀಲ. ಅದನ್ನು ಯಾರೂ ಯಾವತ್ತೂ ಹೊತ್ತವರಿಲ್ಲ. ವರ್ಷಕ್ಕೊಂದು ದಿನ ಆಯುಧಪೂಜೆಗೆ ಕುಂಕುಮ, ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು. ಅವತ್ತೊಂದು ದಿನ ದೇವರು. ಮಾರನೇ ದಿನದಿಂದ ಮತ್ತೆ ದುಡಿತ. "ಇವನದು ನೋಡಿ, ವರ್ಷವಿಡೀ ದೇವರು. ಪ್ರತಿ ಭಾನುವಾರ ಅಭಿಷೇಕ. ಚೈನಿಗೆ ತೈಲ. ಮೈಕ್ರೋಫೈಬರ್ ವಸ್ತ್ರ. ರಾತ್ರಿ ಹಾಲ್‌ನ ಗೋಡೆ ಮೇಲೆ ಶಯನೋತ್ಸವ. ಅವನ ಹೆಂಡ್ತಿ ಮದುವೆ ಫೋಟೋ ತೆಗೆದು ಜಾಗ ಮಾಡಿಕೊಟ್ಟಿದ್ದಾಳೆ."

"ಅವಳೇ ಒಪ್ಪಿದ್ದು" ಅಂದ ಸುರೇಶ.

"ರೇಟ್ ಕೇಳಿ ಒಪ್ಪಿದ್ದಾ?"

ಎಷ್ಟು ಕೊಟ್ಟಿದ್ದಾನೆ ಅಂತ ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಹೇಳಿದ ರೇಟು ಒಂದು, ಅಂಗಡಿಯಲ್ಲಿ ಕೊಟ್ಟ ರೇಟು ಇನ್ನೊಂದು. ಎರಡರ ವ್ಯತ್ಯಾಸದಲ್ಲಿ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಬರುತ್ತದೆ.

ಪವನ ಮಾತು ತಿರುಗಿಸಲು ನೋಡಿದ. "ನಾವು ತುರಹಳ್ಳಿಗೆ ಯಾಕೆ ಹೋಗಲ್ಲ ಸರ್? ಮನೆಯಿಂದ ತುಳ್ಕೊಂಡೇ ಹೋಗಬಹುದು ಅಲ್ವಾ?"

"ಛೆ! ಹತ್ತಿರ ಇರೋ ಕಾಡಿಗೆ ಯಾರು ಹೋಗ್ತಾರೆ?" ಅಂದ ನಾಣಿ. "2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂದಾಗ ನಾವೆಲ್ಲ ಬೋರ್ಡ್ ಹಿಡ್ಕೊಂಡು ನಿಂತಿದ್ವಿ, ಕಾಡು ಕಾಡಾಗೇ ಇರಲಿ ಅಂತ. ಉಳೀತು. ಉಳಿದ ಮೇಲೆ ಹೋಗೋದು ಬಿಟ್ವಿ. ಅಲ್ಲಿಗೆ ತುಳ್ಕೊಂಡು ಹೋದ್ರೆ ಸುರೇಶನ ರೂಫ್ ರ್ಯಾಕ್ ಏನಾಗಬೇಕು?"

"ನೀವು ಏನೇ ಹೇಳಿ" ಅಂದಳು ಶೈಲಾ, "ಇವತ್ತಿನ ಹೀರೋ ಆ ಟಿವಿಎಸ್‌ನವರು."

ಎಲ್ಲರಿಗೂ ಒಟ್ಟಿಗೆ ನಗು ಬಂತು, ಸುರೇಶನಿಗೂ. ಬೆಟ್ಟದ ಬುಡದ ಗಾಡಿದಾರಿಯಲ್ಲಿ ಇವನು ಸೈಕಲ್ ಹೊತ್ತು ಏದುಸಿರು ಬಿಡುತ್ತಾ ಹೋಗುತ್ತಿದ್ದಾಗ ಹಿಂದಿನಿಂದ ಒಬ್ಬ ಹಿರಿಯರು ಟಿವಿಎಸ್ ಎಕ್ಸೆಲ್‌ನಲ್ಲಿ ಹುಲ್ಲಿನ ಹೊರೆ ಕಟ್ಟಿಕೊಂಡು ಬಂದರು. ನಿಲ್ಲಿಸಿದರು. "ಪಂಚರ್ ಆಯ್ತಾ ಸಾರ್?" ಅಂದರು. ಇಲ್ಲ ಅನ್ನಲು ಸುರೇಶನಿಗೆ ಉಸಿರಿರಲಿಲ್ಲ. ಅವರು ಪಾಪ, ಇಳಿದು, ಸೈಕಲ್ಲನ್ನು ಹುಲ್ಲಿನ ಮೇಲೆ ಹಗ್ಗದಿಂದ ಬಿಗಿದು ಬಂಡೆ ಶುರುವಾಗುವವರೆಗೆ ತಂದುಬಿಟ್ಟರು. ಸುರೇಶ ಹಿಂದೆ ಓಡಿಕೊಂಡು ಬಂದ.

"ದೊಡ್ಡ ಕ್ಷೇತ್ರಗಳಲ್ಲಿ ಸ್ವಾಮಿಗೆ ದಿನಕ್ಕೊಂದು ವಾಹನ" ಅಂದ ನಾಣಿ. "ಇವತ್ತು ಗರುಡ, ನಾಳೆ ಹನುಮಂತ, ನಾಡಿದ್ದು ಗಜ. ನಮ್ಮ ಸ್ವಾಮಿಗೆ ಒಂದೇ ಬೆಳಿಗ್ಗೆ ಕಾರು, ಹೆಗಲು, ಟಿವಿಎಸ್."

"ಅವರು ಎಷ್ಟು ಸಾರ್ ಇದಕ್ಕೆ ಅಂದ್ರು" ಅಂದ ಸುರೇಶ. "ನಾನು ಸುಮ್ನೆ ಇಪ್ಪತ್ತು ಸಾವಿರ ಅಂದೆ."

"ಏನಂದ್ರು?"

"ಮೋಸ ಹೋದ್ರಿ ಸಾರ್ ಅಂದ್ರು. ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರ್ರೂ ಇಲ್ಲ. ನಮ್ಮ ಮಗಳಿಗೆ ಸರ್ಕಾರ ಕೊಟ್ಟ ಸೈಕಲ್ಲು ಕೊಟ್ಟಿಗೇಲಿದೆ, ಅದಕ್ಕೆ ಎಲ್ಲಾ ಇದೆ, ಬೇಕಾದ್ರೆ ತಗೊಂಡು ಹೋಗಿ ಅಂದ್ರು."

ಸರ್ಕಾರದ ಸೈಕಲ್ ಅಂದರೆ 2006ರಲ್ಲಿ ಶುರುವಾದದ್ದು, ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡುತ್ತಿದ್ದದ್ದು. ಕೊರೊನಾ ಬಂದಾಗ ನಿಂತುಹೋಯಿತು. ಆ ಹಿರಿಯರ ಮಗಳು ಅದನ್ನೇ ತುಳಿದು ಹೈಸ್ಕೂಲ್ ಮುಗಿಸಿದಳಂತೆ. ಈಗ ಏರ್‌ಪೋರ್ಟಿನಲ್ಲಿ ಕೆಲಸ, ಸ್ಕೂಟಿ ಇದೆ.

"ನೋಡಿ, ಆ ಸೈಕಲ್ಲು ಒಬ್ಬಳನ್ನ ಎಲ್ಲಿಗೋ ಮುಟ್ಟಿಸ್ತು" ಅಂದಳು ಶೈಲಾ.

"ನಮ್ಮದೂ ಮುಟ್ಟಿಸ್ತಲ್ಲ" ಅಂದ ನಾಣಿ. "ಇಡ್ಲಿಗೆ."

ಪವನನಿಗೆ ಈಗ ಧೈರ್ಯ ಬಂದಿತ್ತು. ಅವನೂ ಒಂದು ಎಸೆದ. "ಹಾಗೆ ನೋಡಿದ್ರೆ ಕಿಟ್ಟಿ ಸರ್ ಸೈಕಲ್ಲೇ ನಿಜವಾದ ಉತ್ಸವಮೂರ್ತಿ. ರಥದಿಂದ ಕೆಳಗೇ ಇಳಿಯಲ್ಲ!"

ಯಾರೂ ನಗಲಿಲ್ಲ. ನಾಣಿ ಚಟ್ನಿ ನೋಡುತ್ತಾ ಕೂತ. ಪವನ ಗುಂಪಿಗೆ ಹೊಸಬ. ಕಿಟ್ಟಿಯ ಮಂಡಿ ಆಪರೇಷನ್ ಅವನಿಗೆ ಗೊತ್ತಿಲ್ಲ. ಕಿಟ್ಟಿ ಪ್ರತಿ ಸಲ ಸೈಕಲ್ ತರುತ್ತಾನೆ. ರ್ಯಾಕಿಗೆ ಕಟ್ಟುತ್ತಾನೆ. ನಾವು ಬೆಟ್ಟ ಹತ್ತುವಾಗ ಕಾರಿನ ಹತ್ತಿರ ಕೂತು ಪೇಪರ್ ಓದುತ್ತಾನೆ. ಇಳಿದು ಬರುವ ಹೊತ್ತಿಗೆ ಹೋಟೆಲಿನಲ್ಲಿ ಟೇಬಲ್ ಹಿಡಿದಿರುತ್ತಾನೆ.

"ಸರಿಯಾಗೇ ಹೇಳಿದ ಹುಡುಗ" ಅಂದ ಕಿಟ್ಟಿ. ಅವನಿಗೆ ಬೇಜಾರಾದ ಹಾಗೆ ಕಾಣಲಿಲ್ಲ. "ಡಾಕ್ಟ್ರು ಮನೇಲಿ ನಿಂತಲ್ಲೇ ತುಳಿಯೋ ಸೈಕಲ್ ಆಗಬಹುದು, ಕಲ್ಲುಮುಳ್ಳು ಬೇಡ ಅಂದಿದ್ದಾರೆ. ಆದ್ರೂ ತರ್ತೀನಿ. ಸೈಕಲ್ ಇಲ್ದೆ ಬೆಳಿಗ್ಗೆ ನಾಲ್ಕೂವರೆಗೆ ಹೊರಟ್ರೆ ಮನೇಲಿ ಎಲ್ಲಿಗೆ ಅಂತಾರೆ."

"ನಮ್ಮ ಜೊತೆ ಅಂತ ಹೇಳು."

"ನಿಮ್ಮ ಜೊತೆ ಏನು ಅಂತಾರೆ. ಮುಂಚೆ ಸುಮ್ನೆ ಬಾರೋ ಅಂದ್ರೆ ಬರ್ತಿದ್ವಿ. ಕಟ್ಟೆ ಮೇಲೆ ಒಂಬತ್ತು ಗಂಟೆವರೆಗೆ ಕೂರ್ತಿದ್ವಿ. ಈಗ ಸುಮ್ನೆ ಬಾ ಅಂದ್ರೆ ನೀವೇ ಯಾಕೆ, ಏನಾಯ್ತು, ದುಡ್ಡು ಬೇಕಿತ್ತಾ ಅಂತೀರಿ. ರೈಡ್ ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ."

"ಆ ಕಟ್ಟೆ ಒಡೆದು ಎಟಿಎಂ ಮಾಡಿದ್ರು" ಅಂದರು ಮೇಷ್ಟ್ರು.

"ಅದನ್ನೂ ಮುಚ್ಚಿದ್ರು" ಅಂದ ನಾಣಿ. "ಈಗ ಅಲ್ಲಿ ಯಾರೂ ಯಾರಿಗೂ ಏನೂ ಕೊಡಲ್ಲ."

ಸರ್ವರ್ ಬಂದು ಇನ್ನೇನು ಬೇಕು ಅಂದ. ಏನೂ ಬೇಡದಿದ್ದರೂ ಎಲ್ಲರಿಗೂ ಕಾಫಿ ಹೇಳಿದೆವು. ಕಾಫಿ ಬರುವವರೆಗೆ ಯಾರಾದರೂ ಏನಾದರೂ ಹೇಳಬೇಕಿತ್ತು. ಸುರೇಶ ಹೇಳಿದ. ಅವನಿಗೆ ಈ ಒಂದು ಗುಣ ಇದೆ, ಮೌನ ಕಂಡರೆ ಒಂದು ಹೊಸ ಸಾಮಾನು ತೆಗೆಯುತ್ತಾನೆ.

"ಈಗ ಬ್ಯಾಟರಿ ಮೌಂಟನ್ ಬೈಕ್ ಬಂದಿದೆ. ನಾವು ತುಳಿದ್ರೆ ಮೋಟಾರ್ ಜೊತೆಗೆ ತಳ್ಳುತ್ತೆ, ತುಳಿಯೋದು ಬಿಟ್ರೆ ಅದೂ ಬಿಡುತ್ತೆ. 250 ವ್ಯಾಟ್ ಒಳಗೆ, ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ರೆ ರಿಜಿಸ್ಟ್ರೇಷನ್ನೂ ಬೇಡ, ಲೈಸೆನ್ಸೂ ಬೇಡ."

"ತೂಕ?"

"ಇಪ್ಪತ್ಮೂರು ಕೆಜಿ."

"ನೂರು ಗ್ರಾಂ ಇಳಿಸೋಕೆ ಹ್ಯಾಂಡಲ್ ಬದಲಾಯಿಸಿದವನು ನೀನು!" ನಾಣಿಗೆ ಮತ್ತೆ ಜೀವ ಬಂತು. "ಅದನ್ನ ಹೊರೋಕೆ ಬೋಯಿಗಳನ್ನ ಕರೆಸಬೇಕು. ನಾಲ್ಕು ಜನ, ಬದಲಿಗೆ ಇನ್ನು ನಾಲ್ಕು ಜನ. ಹತ್ತೋಕೂ ಮೋಟಾರು, ಇಳಿಯೋಕೆ ಗುಡ್ಡ. ಮತ್ತೆ ನೀನು ಯಾಕೆ ಹೋಗ್ತೀಯ? ಸೈಕಲ್ಲನ್ನೇ ಕಳಿಸು. ಹೋಗಿ ಬರಲಿ."

"ಸುರೇಶ" ಅಂದ ಕಿಟ್ಟಿ. "ಮಂಡಿಗೆ ಭಾರ ಕಮ್ಮಿನಾ ಅದರಲ್ಲಿ?"

"ಕಮ್ಮಿನೇ ಕಣೋ. ಹತ್ತುವಾಗಂತೂ ತುಂಬಾ ಕಮ್ಮಿ. ಡಾಕ್ಟ್ರನ್ನ ಒಂದು ಮಾತು ಕೇಳು."

ಎಲ್ಲರೂ ನಾಣಿಯನ್ನು ನೋಡಿದರು. ನಾಣಿ ಕಾಫಿಗೆ ಸಕ್ಕರೆ ಹಾಕಿದ. ಅವನು ಸಕ್ಕರೆ ಹಾಕಿಕೊಳ್ಳುವುದಿಲ್ಲ.

"ಒಳ್ಳೇ ಸೈಕಲ್ಲು ಅದು" ಅಂದ. "ನಾನು ಮೊದಲಿಂದಲೂ ಹೇಳ್ತಾನೇ ಇದ್ದೀನಿ."

"ಬ್ಯಾಟರಿ ಅರ್ಧದಾರೀಲಿ ಮುಗಿದ್ರೆ?"

"ಹೊರ್ತೀವಿ. ಸುರೇಶ ಮುಂದೆ, ನಾನು ಹಿಂದೆ. ಮೇಷ್ಟ್ರು ಮಂತ್ರ ಹೇಳ್ತಾರೆ. ಪವನ ವಿಡಿಯೋ ಮಾಡ್ತಾನೆ."

"ಮತ್ತೆ ನಾನು?" ಅಂದ ಕಿಟ್ಟಿ.

"ನೀನು ನಡ್ಕೊಂಡು ಬಾ. ಭಕ್ತರು ನಡೀತಾರೆ."

"ಅವನಿಗೆ ಮಂಡಿ ಕಣೋ" ಅಂದಳು ಶೈಲಾ.

ನಾಣಿ ಕಾಫಿ ಲೋಟ ಕೆಳಗಿಟ್ಟ.

"ಆ ಟಿವಿಎಸ್‌ನವರ ನಂಬರ್ ಯಾರಾದ್ರೂ ತಗೊಂಡಿದ್ದೀರಾ?"