ಕ್ಯಾಂಪಲ್ಲಿ ಕಣ್ಣಿನ ಪ್ರೆಷರ್ 18 ಬಂದಿದೆ, ಗ್ಲಾಕೋಮಾ ಇಲ್ಲ ಅಂತ ಬಿಟ್ಟುಬಿಡಬಹುದಾ?

ಪ್ರಶ್ನೆ (ಉಡುಪಿ): ಅಣ್ಣನಿಗೆ ಗ್ಲಾಕೋಮಾ (ಕಣ್ಣಿನ ನರ ಸವೆಯುವ ರೋಗ) ಇದೆ. ತಮ್ಮನಿಗೆ 46. ಕ್ಯಾಂಪಿನಲ್ಲಿ ಗಾಳಿ ಊದುವ ಯಂತ್ರದಲ್ಲಿ ಎರಡೂ ಕಣ್ಣಿಗೆ 18 ಬಂತು, ದೃಷ್ಟಿ 6/6, ‘ನಾರ್ಮಲ್’ ಅಂತ ಚೀಟಿ. ಮಂಗಳೂರಿಗೆ ಹೋಗಿ ಮತ್ತೆ ತೋರಿಸಬೇಕಾ?

ಉತ್ತರ 1: ತೋರಿಸಲೇಬೇಕು ಮಾರಾಯ್ರೆ, ಒಡಹುಟ್ಟಿದವರಿಗೆ ಅಪಾಯ ಹೆಚ್ಚು. 6/6 ಅನ್ನೋದು ನಡುದೃಷ್ಟಿಯ ಲೆಕ್ಕ. ಗ್ಲಾಕೋಮಾ ಸಾಮಾನ್ಯವಾಗಿ ಮೊದಲು ತಿನ್ನುವುದು ಸುತ್ತಲಿನ ನೋಟವನ್ನು, ಬಸ್ಸಿನ ಬೋರ್ಡ್ ತುಂಬಾ ಕಾಲ ಸರಿಯಾಗೇ ಕಾಣುತ್ತದೆ. ಪ್ರೆಷರ್ 10ರಿಂದ 21ರೊಳಗೆ ಇದ್ದೂ ನರ ಸವೆಯುವವರಿದ್ದಾರೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳ್ಳಗಿದ್ದರೆ, ಉದಾಹರಣೆಗೆ 480 ಮೈಕ್ರಾನ್, ಯಂತ್ರ ಕಡಿಮೆ ತೋರಿಸುತ್ತದೆ. ಅದರ ದಪ್ಪ ಅಳೆಯುವ ಪ್ಯಾಕಿಮೆಟ್ರಿ ಕೇಳಿ, ಒಂದೆರಡು ನಿಮಿಷದ ಕೆಲಸ. ಆದರೆ 18ಕ್ಕೆ ಇಷ್ಟು ಕೂಡಿಸಬೇಕು ಅನ್ನೋ ಸೂತ್ರಗಳನ್ನು ನಂಬಬೇಡಿ.

ಉತ್ತರ 2: ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಆಗಲಿ, ಬೇರೆ ಆಸ್ಪತ್ರೆಯಾಗಲಿ, ಪರೀಕ್ಷೆಯ ಕ್ರಮ ಮುಖ್ಯ. ಮೊದಲು ಕಣ್ಣಿಗೆ ತಾಗಿಸಿ ಅಳೆಯುವ ಗೋಲ್ಡ್‌ಮನ್ ಉಪಕರಣದಲ್ಲಿ ಪ್ರೆಷರ್, ಆಮೇಲೆ ಕಣ್ಣಿಗೆ ಕನ್ನಡಿ ಲೆನ್ಸ್ ಇಟ್ಟು ಕೋನ ನೋಡುವ ಗೋನಿಯೋಸ್ಕೋಪಿ, ಕೊನೆಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್. ಕೋನ ಕಿರಿದಿದ್ದರೆ, ಪಾಪೆ ಹಿಗ್ಗಿದಾಗ ಒಳಗಿನ ನೀರು ಹೊರಹೋಗುವ ದಾರಿ ಮುಚ್ಚಿ ಪ್ರೆಷರ್ ಒಮ್ಮೆಲೇ ಏರಬಹುದು. ಗೋನಿಯೋಸ್ಕೋಪಿಯನ್ನು ಹಾರಿಸುವವರೇ ಜಾಸ್ತಿ, ಬಾಯಿಬಿಟ್ಟು ಕೇಳಿ. ನರದ ಬಟ್ಟಲಿನ ಅನುಪಾತ (ನರದ ತುದಿಯ ಬಿಲ್ಲೆ, ಅಂದರೆ ಡಿಸ್ಕ್‌ಗೆ ಹೋಲಿಸಿದರೆ ಅದರ ನಡುವಿನ ಗುಳಿ ಎಷ್ಟು ದೊಡ್ಡದು ಅನ್ನೋದು) ಚೀಟಿಯಲ್ಲಿ ಬರೆಸಿಕೊಳ್ಳಿ: 0.7 ದಾಟಿದರೆ, ಅಥವಾ ಒಂದು ಕಣ್ಣಿಗೂ ಇನ್ನೊಂದಕ್ಕೂ 0.2 ವ್ಯತ್ಯಾಸ ಇದ್ದರೆ ಅನುಮಾನ. ಹುಟ್ಟಿನಿಂದ ಡಿಸ್ಕ್ ದೊಡ್ಡದಿದ್ದರೂ ಬಟ್ಟಲು ದೊಡ್ಡದಾಗೇ ಕಾಣುತ್ತದೆ, ಹಾಗಾಗಿ ಬರೀ ಸಂಖ್ಯೆ ನೋಡಿ ಹೆದರಬೇಡಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜು, ಬೈಕ್ ಬೇಡ, ಬಸ್ಸಲ್ಲಿ ಹೋಗಿ.

ಉತ್ತರ 3: ಫೀಲ್ಡ್ ಟೆಸ್ಟ್ (ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಿ ಸುತ್ತಲಿನ ನೋಟ ಅಳೆಯುವ ಪರೀಕ್ಷೆ) ಮೊದಲ ಸಲ ಕೆಟ್ಟದಾಗಿ ಬಂದರೆ ಅದರ ಮೇಲೆ ತೀರ್ಮಾನ ಬೇಡ, ಗುಂಡಿ ಒತ್ತುವುದು ಅಭ್ಯಾಸ ಆಗಬೇಕು. ರೆಪ್ಪೆ ಜೋತು ಬಿದ್ದಿದ್ದರೆ ಮೇಲ್ಭಾಗವೆಲ್ಲ ಕಪ್ಪು ಬರುತ್ತದೆ. ಮೈನಸ್ ಪವರ್ ತುಂಬಾ ಇದ್ದರೆ ನರದ ಪದರದ ದಪ್ಪ ಅಳೆಯುವ ಓಸಿಟಿ ಸ್ಕ್ಯಾನ್‌ನಲ್ಲಿ ರೋಗ ಇಲ್ಲದೆಯೂ ಕೆಂಪು (ಅಸಹಜ ಅನ್ನೋ ಬಣ್ಣ) ತೋರಿಸಬಹುದು.

ಪ್ರಶ್ನೆ ಕೇಳಿದವರು: ಕಣ್ಣು ತುರಿಕೆಗೆ ಮೆಡಿಕಲ್‌ನಿಂದ ತಂದ ಡ್ರಾಪ್ಸ್ ಆಗಾಗ ಹಾಕ್ತಾನೆ. ಹೇಳಬೇಕಾ?

ಉತ್ತರ 1: ಬಾಟಲಿಯನ್ನೇ ಒಯ್ಯಿರಿ. ಲೇಬಲ್‌ನಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಸೋನ್ ಇದ್ದರೆ ಅದು ಸ್ಟೆರಾಯ್ಡ್. ಕೆಲವರಿಗೆ ಕೆಲವೇ ವಾರಗಳಲ್ಲಿ ಪ್ರೆಷರ್ ಏರಿಸುತ್ತದೆ. ಎಷ್ಟು ದಿನ ಹಾಕಿದ್ದು, ಕೊನೆಗೆ ಯಾವಾಗ ಹಾಕಿದ್ದು ಅಂತ ಅದೇ ಡಬ್ಬಿಯ ಮೇಲೆ ಬರೆದಿಡಿ.