ಪಾರ್ಕಿಗೆ ಮತ್ತೆ ಎರೆಹುಳು ತರಿಸಬೇಕಾ?

ಮನೆ 27: ಎಲ್ಲರಿಗೂ ನಮಸ್ಕಾರ. ಪಾರ್ಕಿನ ಮಣ್ಣು ಕಲ್ಲಾಗಿದೆ. ಮಳೆ ಬಂದರೆ ನೀರು ಇಂಗುವುದಿಲ್ಲ, ಸೊಳ್ಳೆ ಜಾಸ್ತಿ. ಹೋದ ತಿಂಗಳು ಬಿಟ್ಟ 2 ಕೆಜಿ ಎರೆಹುಳು ಎಲ್ಲಿ ಹೋದವೋ. ಮನೆಗೆ 100 ರೂಪಾಯಿ ಹಾಕಿ ಇನ್ನೊಂದಿಷ್ಟು ತರಿಸೋಣವೇ?

ಮನೆ 8: ಬೇಡ ಸರ್, ದುಡ್ಡು ದಂಡ. ನಾವು ತಂದದ್ದು ಆಫ್ರಿಕಾ ಮೂಲದ ಯೂಡ್ರಿಲಸ್, ಗೊಬ್ಬರದ ತೊಟ್ಟಿಯ ಹುಳು. ಕೊಳೆಯುವ ಸೊಪ್ಪು, ಸಗಣಿಯೇ ಅದಕ್ಕೆ ಊಟ, ಅದೇ ಮನೆ. ಬರೀ ಮಣ್ಣಿಗೆ ಬಿಟ್ಟರೆ ಬದುಕುವುದು ಕಷ್ಟ. ಆಳಕ್ಕೆ ಬಿಲ ಕೊರೆಯುವುದು ಅದರ ಕೆಲಸವೇ ಅಲ್ಲ.

ಮನೆ 41: ಹುಳು ಅಂದರೆ ಹುಳು ಅಲ್ವಾ? ಅದರಲ್ಲೂ ಜಾತಿಯೇ!

ಮನೆ 8: ಇದೆ ಆಂಟಿ. ನಮ್ಮ ಮಣ್ಣಿನ ಹುಳುಗಳಲ್ಲಿ ಲ್ಯಾಂಪಿಟೊ ಅಂತ ಒಂದಿದೆ. ಮೇಲಿನ ಎಲೆ ತಿನ್ನುತ್ತದೆ, ಬಿಲದಲ್ಲಿ ಇರುತ್ತದೆ. ಆ ಬಿಲದಲ್ಲೇ ನೀರು ಇಳಿಯುವುದು. ಇನ್ನು ಕೆಲವು ಮಣ್ಣನ್ನೇ ತಿಂದುಕೊಂಡು ಒಳಗೇ ಇರುತ್ತವೆ. ನಿನ್ನೆ ಹೊಂಗೆ ಮರದ ಬುಡ ನೋಡಿದೆ. ಶ್ಯಾವಿಗೆ ಒತ್ತಿ ಬಿಟ್ಟ ಹಾಗೆ ಮಣ್ಣಿನ ಪುಟ್ಟ ಗುಪ್ಪೆಗಳು. ಕಡ್ಡಿಯಲ್ಲಿ ಸರಿಸಿದರೆ ಕೆಳಗೆ ಬಳಪದ ಕಡ್ಡಿ ಹೋಗುವಷ್ಟು ತೂತು. ಅಲ್ಲಿ ಒಂದು ತೊಟ್ಟೂ ನೀರು ನಿಂತಿರಲಿಲ್ಲ. ಕಾಗದದ ಹೂವಿನ ಮುಳ್ಳಿಗೆ ಹೆದರಿ ಅಲ್ಲಿ ಯಾರೂ ಪೊರಕೆ ಆಡಿಸುವುದಿಲ್ಲ, ನೋಡಿ.

ಮನೆ 27: ಹಾಗಾದರೆ ಈ ನಾಡಹುಳು ಎಲ್ಲಿ ಸಿಗುತ್ತದೆ?

ಮನೆ 8: ತರುವುದೇ ಬೇಡ, ಇಲ್ಲೇ ಇವೆ. ದಿನಾ ತರಗೆಲೆ ಗುಡಿಸಿ ಸುಡುತ್ತೇವಲ್ಲ, ಅದೇ ಅವುಗಳ ಊಟ. ಸುಡುವುದು ನಿಲ್ಲಿಸಿ ಗಿಡದ ಬುಡಕ್ಕೆ ಹರಡೋಣ. ಗೆದ್ದಲಿಗೆ ಅಂತ ಔಷಧಿ ಸುರಿಯುವುದೂ ಬೇಡ. ಒಂದೇ ಮಳೆಗಾಲಕ್ಕೆ ಸರಿಹೋಗುತ್ತದೆ ಅಂತ ನಾನು ಹೇಳಲಾರೆ.

ಮನೆ 33: ಎಲೆ ಗುಡ್ಡೆಯಲ್ಲಿ ಹಾವು ಸೇರಿದರೆ? ಮಕ್ಕಳು ಆಡುವ ಜಾಗ.

ಮನೆ 8: ಅದೂ ನಿಜ ಅಕ್ಕ. ಗುಡ್ಡೆ ಬೇಡ, ತೆಳುವಾಗಿ ಹರಡೋಣ. ಜೋಕಾಲಿ ಕಡೆ ಹಾಕುವುದೇ ಬೇಡ.

ಮನೆ 27: ಮತ್ತೆ ತೊಟ್ಟಿ?

ಮನೆ 8: ಅಡುಗೆಮನೆ ಕಸಕ್ಕೆ ಆಫ್ರಿಕಾ ಹುಳುವೇ ಸರಿ, ಚೆನ್ನಾಗಿ ತಿನ್ನುತ್ತದೆ. ಆದರೆ ಹಸಿ ಕಸ ಒಮ್ಮೆಗೇ ಸುರಿಯಬೇಡಿ. ಒಳಗೆ ಕಾವು ಏರಿ ಹುಳು ಬೆಂದುಹೋಗುತ್ತವೆ. ಉಪ್ಪಿನಕಾಯಿ, ನಿಂಬೆ ಸಿಪ್ಪೆಯೂ ಬೇಡ. ಮೊನ್ನೆ ಯಾರೋ ಅರ್ಧ ಡಬ್ಬಿ ಮಾವಿನಕಾಯಿ ಉಪ್ಪಿನಕಾಯಿ ಸುರಿದಿದ್ದರು.

ಮನೆ 41: ಅದು ನಾನಲ್ಲಪ್ಪ! ಭಾನುವಾರ ಬೆಳಿಗ್ಗೆ 7ಕ್ಕೆ ಎಲೆ ಹರಡೋಣ. ಕುಂಟೆ ನಮ್ಮಲ್ಲಿದೆ. ಬೆಂಕಿ ಹಚ್ಚಬೇಡಿ ಅಂತ ಗುಡಿಸುವವರಿಗೆ ಹೇಳುವುದು ಯಾರು?

ಮನೆ 33: ನಾನು ಹೇಳುತ್ತೇನೆ. ಕಾಫಿ ಫ್ಲಾಸ್ಕೂ ತರುತ್ತೇನೆ.