ಅಪ್‌ಡೇಟ್: ಅಮ್ಮಂಗೆ ಕೊನೆಗೂ ಬ್ರಿಡ್ಜೇ ಹಾಕಿಸಿದ್ವಿ

ಅಮ್ಮನ ಕೆಳಗಿನ ದವಡೆ ಹಲ್ಲು ಒಂದು ಕೀಳಿಸಿದ್ವಿ, ಆ ಜಾಗಕ್ಕೆ ಬ್ರಿಡ್ಜಾ (ಅಕ್ಕಪಕ್ಕದ ಹಲ್ಲು ತೇಯ್ದು ಅವುಗಳ ಮೇಲೆ ಕೂರಿಸೋ ಕೃತಕ ಹಲ್ಲು) ಇಂಪ್ಲಾಂಟಾ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದ್ರ ಮೇಲೆ ಹಾಕೋ ಹಲ್ಲು) ಅಂತ ಕೇಳಿದ್ದೆ ಅಲ್ವಾ, ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಕ್ಕಪಕ್ಕದ ಹಲ್ಲು ಚೆನ್ನಾಗಿದ್ರೆ ಬ್ರಿಡ್ಜ್‌ಗೋಸ್ಕರ ಸುಮ್ನೆ ತೇಯಿಸ್ಬೇಡಿ ಅಂತ ನೀವು ಹೇಳಿದ್ದು ಸರಿನೇ, ಆದ್ರೆ ಅಮ್ಮಂಗೆ ಒಂದು ಕಡೆ ರೂಟ್ ಕೆನಾಲ್ ಆಗಿರೋ ಹಲ್ಲು, ಇನ್ನೊಂದು ಕಡೆ ದೊಡ್ಡ ಫಿಲ್ಲಿಂಗ್, ಎರಡಕ್ಕೂ ಹೇಗಿದ್ರೂ ಕ್ಯಾಪ್ ಬೇಕಿತ್ತು, ಜೊತೆಗೆ ಶುಗರ್ ಇನ್ನೂ ಕಂಟ್ರೋಲ್‌ಗೆ ಬಂದಿಲ್ಲ, ಇಂಪ್ಲಾಂಟ್ ಆದ್ರೆ ಮೂಳೆಗೆ ಕೂಡ್ಕೊಳ್ಳೋಕೇ ತಿಂಗಳುಗಟ್ಟಲೆ ಕಾಯ್ಬೇಕು.

ಆ ಎರಡು ಹಲ್ಲು ತೇಯ್ದು ಅಳತೆ ತಗೊಂಡು ಟೆಂಪರರಿ ಹಾಕಿ ಕಳ್ಸಿದ್ರು, ವಾರ ಬಿಟ್ಟು ಮೂರು ಹಲ್ಲು ಒಟ್ಟಿಗೆ ಸೇರಿರೋ ಜಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಸೆರಾಮಿಕ್) ಬ್ರಿಡ್ಜ್ ಬಂತು. ಕಚ್ಚುವಾಗ ಬ್ರಿಡ್ಜ್ ಎತ್ತರ ಆಗ್ತಿದ್ಯಾ ಅಂತ ನೋಡೋಕೆ ನೀಲಿ ಕಾಗದ ಕಚ್ಚಿಸಿ, ಬಣ್ಣ ಎಲ್ಲಿ ಜಾಸ್ತಿ ಅಂಟುತ್ತೋ ಅಲ್ಲಿ ಸ್ವಲ್ಪ ಸ್ವಲ್ಪ ತೇಯ್ತಾ ಇದ್ರು. "ಎತ್ತರ ಅನ್ನಿಸ್ತಿದ್ರೆ ಸಂಕೋಚ ಬೇಡ, ಹೇಳಿ ಅಮ್ಮ" ಅಂತ ನಾಲ್ಕು ಸಲ ಕೇಳಿದ್ರು ಡಾಕ್ಟ್ರು. ಇದು ಮುಖ್ಯ, ಯಾರೇ ಹಾಕಿಸಿದ್ರೂ ಇಲ್ಲಿ ಅವಸರ ಮಾಡ್ಬೇಡಿ.

ಮಧ್ಯದ ಹಲ್ಲಿನ ಅಡಿ ಅನ್ನದಗುಳು ಸಿಕ್ಕಾಕೊಳ್ಳುತ್ತೆ, ಮಾಮೂಲಿ ಬ್ರಷ್ ಅಲ್ಲಿಗೆ ಹೋಗಲ್ಲ, ಸೂಪರ್ ಫ್ಲಾಸ್ ದಾರದ ಗಟ್ಟಿ ತುದಿನ ಸಂದಿಗೆ ತೂರಿಸಿ ದಿನಾ ರಾತ್ರಿ ಎಳೀತೀವಿ. ನಿನ್ನೆ ಅಮ್ಮ ಆ ಕಡೆಯಿಂದಲೇ ಕಡ್ಲೆಕಾಯಿ ಅಗಿದ್ರು, ನೋಡಿ ನಂಗೆ ಕಣ್ಣು ತುಂಬಿ ಬಂತು.